ತೂಕಕ್ಕೆ ನಿಂತ ದಿಬ್ಬಣ

ನಾನು ಹುಟ್ಟಿ ಬೆಳೆದದ್ದು ಬ್ರಹ್ಮಾವರದಿಂದ ಒಳಗೆ, ಸಮುದ್ರದ ಸದ್ದೂ ಕೇಳದ ಊರಿನಲ್ಲಿ. ನಮ್ಮ ಮನೆಯ ಗಂಡಸರು ಮರಗೆಲಸದ ಆಚಾರಿಗಳು. ಬಾಗಿಲು, ಪೆಟ್ಟಿಗೆ, ಮದುವೆಯ ಮಣೆ, ಹೀಗೆ ನೆಲದ ಮೇಲೆ ನೆಟ್ಟಗೆ ಕೂರುವ ಸಾಮಾನು ಮಾಡುವ ಮರ್ಯಾದಸ್ಥರು. ನೀರು ಬಾವಿಯ ತಳದಲ್ಲಿರಬೇಕು, ನಾವು ಮೇಲಿರಬೇಕು ಎಂದು ನಂಬಿ ಬೆಳೆದ ನನ್ನನ್ನು ಗಂಗೊಳ್ಳಿಯಲ್ಲಿ ಹಡಗು ಕಟ್ಟುವ ಆಚಾರಿಗಳ ಮನೆಗೆ ಕೊಟ್ಟರು. ಕುಂದಾಪುರದಿಂದ ಹೊಳೆ ದಾಟಿ ಗಂಡನ ಮನೆಗೆ ಬಂದ ದಿನ ದೋಣಿಯುದ್ದಕ್ಕೂ ವಾಂತಿ ಮಾಡಿದೆ. ಕೊನೆಯದು ಅತ್ತೆಯ ಹೊಸ ಸೀರೆಯ ಮೇಲಾಯಿತು.

ನನ್ನ ಅತ್ತೆ ಅಕ್ಕು ಅದನ್ನು ಮರೆಯುವವರಲ್ಲ. ಊರಿಗೆಲ್ಲ ಹೇಳಿಕೊಂಡು ಬಂದರು: “ಸೊಸಿ ಚಂದ ಇತ್ತ್, ಕೆಲ್ಸಕ್ಕೂ ಅಡ್ಡಿಲ್ಲೆ. ದೋಣಿ ಹತ್ಸಿರೆ ಮಾತ್ರ ಉಪ್ಪಿನ್ ಮೂಟಿ.”

ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದೆಂದೂ ಅತ್ತೆಯ ಕಟ್ಟಪ್ಪಣೆಯಿತ್ತು. ಬರೆಯಬಾರದೆಂದು ಹೇಳಲಿಲ್ಲವಾದ್ದರಿಂದ ಬರೆಯುತ್ತೇನೆ: ಪಾಂಡು. ಬಾಯಲ್ಲಿ ಮಾತ್ರ ‘ನಮ್ಮವರು’. ಬೊಂಬಾಯಿಯಲ್ಲಿ ಹಡಗುಗಳ ನಕ್ಷೆ ಬರೆಯುವ ಕೆಲಸ. ಮದುವೆಯಾಗಿ ತಿಂಗಳೊಳಗೆ ಹೊರಟುಹೋದವರು, ಯುದ್ಧ ಜೋರಾಗಿದ್ದ ಸಾವಿರದ ಒಂಬೈನೂರ ನಲವತ್ತಮೂರರಲ್ಲಿ ಕಂಕುಳಲ್ಲಿ ನಕ್ಷೆಯ ಸುರುಳಿ ಇಟ್ಟುಕೊಂಡು ಬಂದರು. ಆಗ ಕಬ್ಬಿಣವೆಲ್ಲ ಯುದ್ಧಕ್ಕೆ ಹೋಗುತ್ತಿತ್ತು. ಕರಾವಳಿ ಕಾಯಲು ಮರದ ಸಣ್ಣ ಹಡಗುಗಳಾದರೂ ಬೇಕೆಂದು ನೌಕಾಪಡೆಯವರು ಹುಡುಕುತ್ತಿದ್ದರು. ನಮ್ಮ ಕಡೆ ಸರಕು ಸಾಗಿಸುವ ಮಂಜಿಯ ಹೊಟ್ಟೆ ಅಗಲ, ಅದೇ ಹೊಟ್ಟೆಯ ಮೇಲೆ ಎಂಜಿನ್ನು, ಒಂದು ಸಣ್ಣ ತೋಪು ಕೂರಿಸಿದರೂ ಮಗುಚುವುದಿಲ್ಲ ಎಂದು ನಮ್ಮವರು ವಾದ ಮಾಡಿದ್ದರು. ಹಾಗಾದರೆ ಒಂದನ್ನು ಕಟ್ಟಿ ತೋರಿಸು ಎಂದು ಕಳಿಸಿದ್ದರು.

ಹಡಗು ಕಟ್ಟಿ ಮುಗಿದ ಮೇಲೆ, ಅದರ ಪರೀಕ್ಷೆ ಏನೆಂದು ನನಗೂ ಅರ್ಥವಾಗಲೆಂದು ಬಾನಿಯಲ್ಲಿ ತೆಂಗಿನ ಗೆರಟೆ ತೇಲಿಸಿದರು. ತಳದಲ್ಲಿ ಕಲ್ಲಿಟ್ಟರೆ ಎಷ್ಟು ದೂಡಿದರೂ ಎದ್ದು ಕೂರುತ್ತದೆ. ಅಂಚಿನ ಮೇಲೊಂದು ಕಡ್ಡಿ ಅಡ್ಡ ಇಟ್ಟು ಕಲ್ಲನ್ನು ಅದರ ಮೇಲೆ ಕೂರಿಸಿದರೆ ಬುಳುಕ್ಕನೆ ಮಗುಚುತ್ತದೆ. ಭಾರ ಮೇಲೆ ಹೋದಷ್ಟೂ ಗೆರಟೆಗೆ ಮಗುಚುವ ಆಸೆ ಹೆಚ್ಚು. ತೋಪು ಹೊತ್ತ ಹಡಗಿಗೆ ಆ ಆಸೆ ಎಷ್ಟಿದೆ ಎಂದು ಅಳೆಯುವುದೇ ಪರೀಕ್ಷೆ. ಪಾಸಾದರೆ ಇನ್ನೂ ಮೂರು ಹಡಗು ಗಂಗೊಳ್ಳಿಯಲ್ಲೇ ಕಟ್ಟುವುದು, ನಮ್ಮವರು ಇಲ್ಲೇ ಇರುವುದು. ಇಲ್ಲದಿದ್ದರೆ ಮರುದಿನವೇ ಬೊಂಬಾಯಿ. ಅವರ ಪೆಟ್ಟಿಗೆಗೆ ಹಗ್ಗ ಬಿಗಿದು ಚಾವಡಿಯಲ್ಲಿ ಇಟ್ಟಾಗಿತ್ತು. ಅದನ್ನು ಕಂಡಾಗಲೆಲ್ಲ ನನಗೆ ಕಾಲಿನಿಂದ ಒದೆಯುವಷ್ಟು ಸಿಟ್ಟು ಬರುತ್ತಿತ್ತು.

ಇನ್ನೊಂದು ಸಿಟ್ಟೂ ಇತ್ತು. ಪರೀಕ್ಷೆಯ ಹಿಂದಿನ ದಿನ ಬೈಂದೂರಿನಲ್ಲಿ ನನ್ನ ಚಿಕ್ಕಪ್ಪನ ಮಗ ರಾಜೀವನ ಮದುವೆ. ನೌಕಾಪಡೆಯ ಸಾಹೇಬ ಯಾವ ಗಳಿಗೆಯಲ್ಲಿ ಬಂದು ಇಳಿಯುತ್ತಾನೋ, ಅವನಿಗೆ ಚಹಾ ಕೊಡಲು ಮನೆಯಲ್ಲಿ ಜನ ಬೇಕು ಎಂದು ನನ್ನನ್ನು ಕಳಿಸಲಿಲ್ಲ. ಊರೆಲ್ಲ ಲಾಡು ತಿನ್ನುವಾಗ ನಾನು ಲೋಟ ಉಜ್ಜುತ್ತಾ ಕೂತಿದ್ದೆ.

ಸಾಹೇಬ ಒಳ್ಳೆಯವನೇ. ಬಿಸಿಲಿಗೆ ಬೆಂದು ಕೆಂಪಾಗಿದ್ದ. ಹೊಸ ಹಡಗು ಹೊಳೆಯಲ್ಲಿ ತೇಲುತ್ತಿತ್ತು. ಅದರ ನಡುವೆ ಉದ್ದ ದಾರಕ್ಕೆ ತೂಗುಗುಂಡು ಕಟ್ಟಿ, ಪಕ್ಕದಲ್ಲಿ ಗೀಟು ಹಾಕಿದ ಹಲಗೆ ನಿಲ್ಲಿಸಿದ್ದರು. ಗುಂಡು ಸುಮ್ಮನೆ ತೂಗಾಡಬಾರದೆಂದು ಅದನ್ನು ಮೀನೆಣ್ಣೆಯ ಬಾಲ್ದಿಯಲ್ಲಿ ಮುಳುಗಿಸಿದ್ದರು. ಆ ವಾಸನೆ ದಡದಲ್ಲಿದ್ದ ನನ್ನ ಹೊಟ್ಟೆಗೇ ಬಂದು ಮುಟ್ಟಿತು. ಗೊತ್ತಿರುವಷ್ಟು ಭಾರವನ್ನು ನಡುವಿನಿಂದ ಒಂದು ಬದಿಗೆ ಸರಿಸಬೇಕು. ಹಡಗು ಎಷ್ಟು ವಾಲಿತೆಂದು ಗುಂಡು ತೋರಿಸುತ್ತದೆ. ಅದರ ಮೇಲೆ ಲೆಕ್ಕ.

ಭಾರಕ್ಕೆಂದು ಬರಬೇಕಿದ್ದ ಕಬ್ಬಿಣದ ತುಂಡುಗಳು ದಾರಿಯಲ್ಲೇ ಯುದ್ಧಕ್ಕೆ ಹೋದವು. ಕಲ್ಲು ಹೊತ್ತು ಹಾಕೋಣವೆಂದರೆ ಸಮುದ್ರದ ಭರತ ತುಂಬಿ ನೀರು ನಿಂತಿರುವುದು ಸ್ವಲ್ಪ ಹೊತ್ತು. ಅಷ್ಟರಲ್ಲಿ ಆ ಬದಿ ಈ ಬದಿ ಹೊತ್ತು ಮುಗಿಯುವುದಿಲ್ಲ. ಮನುಷ್ಯರಾದರೆ ತಾವೇ ನಡೆಯುತ್ತಾರೆ ಎಂದು ನಮ್ಮವರು ಹೇಳಿದರು. ಮೀನು ತೂಗುವ ದೊಡ್ಡ ತಕ್ಕಡಿ ತಂದರು. ದೋಣಿ ನಡೆಸುವ ತಾಂಡೇಲ ಸೂರ, ಅವನ ಜನ, ಮೀನು ಮಾರುವ ಹೆಂಗಸರು, ನನ್ನ ಅತ್ತೆ, ಎಲ್ಲರೂ ಒಬ್ಬೊಬ್ಬರಾಗಿ ತೂಗಿಸಿಕೊಂಡು ನಗುತ್ತಾ ಹಡಗು ಹತ್ತಿದರು. ಹಡಗಿನ ನೆಲದ ಹಲಗೆಯ ಮೇಲೆ ಎರಡೂ ಬದಿಗೆ ಸುಣ್ಣದ ಗೀಟು. ಅದರ ಮೇಲೆ ಕಂಬದ ಹಾಗೆ ನಿಲ್ಲಬೇಕು, ಅಲುಗಬಾರದು.

ಎಡಕ್ಕೆ ಸರಿಯಿರಿ ಎಂದರು. ಸರಿದರು. ಗುಂಡು ಸರಿಯಿತು. ಸಾಹೇಬ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಂತೆ ಗುಂಡು ಮೆಲ್ಲಗೆ ಹಿಂದಕ್ಕೆ ಬರತೊಡಗಿತು. ಜನ ವಾಲಿದ ಬದಿಯಲ್ಲೇ ನಿಂತಿದ್ದಾರೆ, ಹಡಗು ಮಾತ್ರ ತಾನೇ ನೆಟ್ಟಗಾಗುತ್ತಿದೆ! ಸಾಹೇಬ ಕಟ್ಟಿದ ಹಗ್ಗಗಳನ್ನು ಎಳೆದು ನೋಡಿದ. ಒಳಗಿಳಿದು ನೀರು ಸೋರಿದೆಯೇ ಎಂದು ಮುಟ್ಟಿ ನೋಡಿದ. ಎಲ್ಲ ಸರಿ ಇದೆ. ಇನ್ನೊಮ್ಮೆ ಮಾಡಿಸಿದ. ಈ ಸಲ ಬೇರೆಯೇ ಅಂಕಿ. ಮತ್ತೊಮ್ಮೆ. ಮತ್ತೊಂದು ಅಂಕಿ.

ಸಾಹೇಬ ಪೆನ್ಸಿಲು ಕಿವಿಗೆ ಸಿಕ್ಕಿಸಿ ಏನೋ ಹೇಳಿದ. ನಮ್ಮವರ ಮುಖ ಇಳಿಯಿತು. ಲೆಕ್ಕಕ್ಕೆ ಸಿಗದ ಹಡಗಿಗೆ ನಾನು ರುಜು ಹಾಕಲಾರೆ ಎಂದನಂತೆ. ನನಗೆ ಚಾವಡಿಯ ಪೆಟ್ಟಿಗೆಯೇ ಕಣ್ಣೆದುರು ಬಂತು.

ಅಷ್ಟರಲ್ಲಿ ಒಬ್ಬಳು ಮಗು ಅಳುತ್ತಿದೆ ಎಂದು ಇಳಿದು ಮನೆಗೆ ಹೋದಳು. ಒಂದು ಆಳು ಕಮ್ಮಿ. ನಮ್ಮವರು ದಡದ ಕಡೆ ತಿರುಗಿದರು.

“ವನಜ, ಒಂದ್ ಗಳ್ಗಿ ಬಾ. ಸುಮ್ನೆ ನಿಂತ್ರೆ ಸಾಕ್.”

“ಸುಮ್ನೆ ನಿಂತ್ಕಂಬ್ದಾ? ಅದ್ರ ಮೇಲಾ?” ಎಂದೆ. ಆದರೂ ತಕ್ಕಡಿಯಲ್ಲಿ ಕೂತೆ, ಹಡಗು ಹತ್ತಿದೆ. ಪೆಟ್ಟಿಗೆಯ ಹಗ್ಗ ಬಿಚ್ಚುವುದಾದರೆ ನಾನು ಸಮುದ್ರದ ತಳಕ್ಕೂ ಇಳಿಯುತ್ತಿದ್ದೆ.

ನೀರು ನೋಡಿದರೆ ತಲೆ ತಿರುಗುತ್ತದೆ, ಆಕಾಶ ನೋಡಿದರೆ ಅದೂ ತಿರುಗುತ್ತದೆ. ನೋಡಲು ಉಳಿದದ್ದು ಹಲಗೆ ಮಾತ್ರ. ಹಾಗಾಗಿ ಸುಣ್ಣದ ಗೀಟಿಗೆ ಹೆಬ್ಬೆರಳು ಅಂಟಿಸಿ, ತಲೆ ಬಗ್ಗಿಸಿ ನಿಂತೆ. ಎಡಕ್ಕೆ ಹೋದೆವು, ಹಡಗು ವಾಲಿತು, ನನ್ನ ಹೊಟ್ಟೆಯೂ ವಾಲಿತು. ಸಾಹೇಬನ ಕಣ್ಣು ಗುಂಡಿನ ಮೇಲೆ, ನಮ್ಮವರ ಕಣ್ಣೂ ಗುಂಡಿನ ಮೇಲೆ. ಪಕ್ಕದಲ್ಲಿ ಅತ್ತೆಯ ಕಾಲುಂಗುರ. ನಾನು ನೋಡುತ್ತಿದ್ದಂತೆಯೇ ಆ ಕಾಲುಂಗುರ ಮೆತ್ತಗೆ, ಕದ್ದು ಹೋಗುವ ಬೆಕ್ಕಿನ ಹಾಗೆ, ಗೀಟು ಬಿಟ್ಟು ಎತ್ತರದ ಬದಿಗೆ ಹೊರಟಿತು!

“ಅತ್ತಿ! ನಿಮ್ ಕಾಲ್ ಎಲ್ಲಿಗ್ ಹೋತಾ ಇತ್ತ್?”

“ನನ್ ಕಾಲಾ? ನಿಂತಲ್ಲೇ ಇತ್ತ್. ನಿಂಗ್ ತಲಿ ತಿರ್ಗತಾ ಇತ್ತ್, ಸುಮ್ನಿರ್.”

“ತಲಿ ಅಲ್ಲ, ಕಾಲ್! ಗೀಟ್ ಅಲ್ಲಿತ್ತ್, ನೀವ್ ಇಲ್ಲಿದ್ರಿ! ಎಲ್ರೂ ಕಾಣಿ ನಿಮ್ ನಿಮ್ ಕಾಲ್!”

ಎಲ್ಲರೂ ಬಗ್ಗಿ ನೋಡಿದರು. ಒಬ್ಬರೂ ಗೀಟಿನ ಮೇಲಿಲ್ಲ. ಹುಟ್ಟಿದಂದಿನಿಂದ ದೋಣಿಯಲ್ಲಿ ಬೆಳೆದ ಜನ. ವಾಲಿದ ಕೂಡಲೇ ಅವರ ಕಾಲು ಅವರನ್ನು ಕೇಳದೆ ಎತ್ತರದ ಬದಿಗೆ ನಡೆದು ದೋಣಿಯನ್ನು ಸರಿಮಾಡುತ್ತಿತ್ತು. ಗೀಟಿನ ಮೇಲೆ ಉಳಿದವಳು ಉಪ್ಪಿನ ಮೂಟೆ ಒಬ್ಬಳೇ. ನಮ್ಮವರು ಹಣೆ ಹಣೆ ಬಡಿದುಕೊಂಡು ನಗತೊಡಗಿದರು. ವಿಷಯ ತಿಳಿದ ಸಾಹೇಬ ಎಣ್ಣೆಯ ಬಾಲ್ದಿ ಹಿಡಿದುಕೊಂಡು ನಕ್ಕ. ನಾನೂ ನಗಲು ಬಾಯಿ ತೆರೆದೆ, ಆದರೆ ಹೊರಬಂದದ್ದು ಬೆಳಗಿನ ಗಂಜಿ.

ಇನ್ನೊಮ್ಮೆ ಗದರಿಸಿ ನಿಲ್ಲಿಸಿದರು. ಮತ್ತೆ ಸರಿದರು. ಕಣ್ಣು ಮುಚ್ಚಿಸಿದರು. ಇನ್ನೂ ಬೇಗ ಸರಿದರು. ಸೂರನಿಗೆ ನಾಚಿಕೆಯಾಗಿ ತನ್ನ ಮೊಣಕಾಲನ್ನು ತಾನೇ ಹಿಡಿದು ನಿಂತ, ಹಿಡಿದ ಕೈಯನ್ನೂ ಎಳೆದುಕೊಂಡು ಕಾಲು ಹೋಯಿತು.

“ಕಾಲ್ ನಮ್ದಲ್ಲ ಸಾಯ್ಬ್ರೆ, ದೋಣಿದ್,” ಎಂದ ಸೂರ. “ಅದ್ ವಾಲ್ರೆ ಇದ್ ಹೋತ್ತ್. ನಮ್ಮನ್ ಕೇಂತಿಲ್ಲೆ.”

“ದೋಣಿ ಗೊತ್ತಿಲ್ದಿದ್ ಜನ ಬೇಕ್,” ಎಂದರು ನಮ್ಮವರು. “ಗಂಗೊಳ್ಳಿಯಗೆ ಅಂಥವ್ರ್ ಎಲ್ಲಿದ್ರ್?”

ಭರತದ ನೀರು ತುಂಬಿ ನಿಂತಿತ್ತು. ಇನ್ನು ಇಳಿಯುವುದೇ ಬಾಕಿ. ಆಗಲೇ ತ್ರಾಸಿಯ ದಾರಿಯಲ್ಲಿ ಇದ್ದಲಿನಿಂದ ಓಡುವ ಬಸ್ಸಿನ ಕೆಮ್ಮು ಕೇಳಿಸಿತು. ಅದರ ಹಿಂದೆಯೇ ವಾಲಗ. ನನ್ನ ತವರಿನ ದಿಬ್ಬಣ! ಬೈಂದೂರಿನಿಂದ ಮದುಮಗಳನ್ನು ಕರೆದುಕೊಂಡು, ಹೊಳೆ ದಾಟಿ ಬ್ರಹ್ಮಾವರಕ್ಕೆ ಹೊರಟ ದಿಬ್ಬಣ. ದೋಣಿ ಎಂದರೆ ನನಗಿಂತ ಹೆಚ್ಚು ಹೆದರುವ ಚಿನ್ನದಂಥ ಜನ.

“ಹ್ವಾಯ್! ಚಿಕ್ಕಪ್ಪಯ್ಯ! ಹ್ವಾಯ್! ಎಲ್ರೂ ಇಲ್ಲಿಗ್ ಬನಿ!”

ಚಿಕ್ಕಪ್ಪ ಭೋಜರಾಜ ಮುಂಡಾಸು ಹಿಡಿದುಕೊಂಡು ಓಡಿ ಬಂದರು. ಯಾರೋ ಸತ್ತರೆಂದೇ ಅವರ ಲೆಕ್ಕ. ವಿಷಯ ಕೇಳಿ ಸಾಯುವ ಹಾಗಾದರು.

“ಎಂತ ಮಾರಾಯ್ತಿ! ಮದುಮಗಳನ್ನ ಮೀನ್ ತಕ್ಡಿಯಗೆ ತೂಗುದಾ?”

“ತುಲಾಭಾರ ಅಂದ್ಕಣಿ! ಬೇಗ ಬನಿ, ನೀರ್ ಇಳಿತ್ತ್! ಮದ್ವಿಗ್ ಬರ್ಲಿಲ್ಲ ಅಂದೇಳಿ ನನ್ ಮೇಲ್ ಸಿಟ್ಟಿದ್ರೆ ಆಮೇಲ್ ಬೈನಿ!”

ಚಿಕ್ಕಪ್ಪ ಇನ್ನೂ ಬಾಯಿ ಕಳೆದಿರುವಾಗಲೇ ಮದುಮಗಳು ಸರೋಜ ಸೀರೆ ಎತ್ತಿ ಹಿಡಿದು ಮುಂದೆ ಬಂದಳು. ಕೊಲ್ಲೂರು ದಾರಿಯ ಕಾಡಿನ ಹುಡುಗಿ. ಮದುವೆಯಾದ ಮೇಲೆ ಅವಳು ಜೋರಾಗಿ ಆಡಿದ ಮೊದಲ ಮಾತು ಅದೇ ಇರಬೇಕು.

“ನಾ ಬತ್ತೆ. ಆ ಬಸ್ಸಿಗಿಂತ ಅಡ್ಡಿಲ್ಲೆ ಅಲ್ದಾ?”

ಮದುಮಗಳೇ ತಕ್ಕಡಿಯಲ್ಲಿ ಕೂತ ಮೇಲೆ ಉಳಿದವರೂ ಸಾಲು ನಿಂತರು. ಬಾಸಿಂಗ, ಬಳೆ, ಲಾಡಿನ ಬುಟ್ಟಿ ಸಮೇತ ದಿಬ್ಬಣ ತಕ್ಕಡಿ ಹತ್ತಿ ಇಳಿಯಿತು. ವಾಲಗದವನು ಡೋಲು ಬಿಡಲು ಒಪ್ಪದೆ ಡೋಲಿನೊಂದಿಗೇ ತೂಗಿಸಿಕೊಂಡ. ಗಂಗೊಳ್ಳಿಯವರೆಲ್ಲ ದಡಕ್ಕೆ ಇಳಿದರು. ನಾನು ಮಾತ್ರ ದಿಬ್ಬಣದ ಜೊತೆ ಗೀಟಿಗೆ ನಿಂತೆ, ನಂಬಿಕೆಯ ಭಾರವೆಂದು ಸಾಹೇಬನೇ ಬೆರಳು ತೋರಿಸಿದ್ದ.

ಹಡಗು ವಾಲಿತು. ನನ್ನ ಚಿಕ್ಕಮ್ಮ ಕಿರುಚಿದರು, ಚಿಕ್ಕಪ್ಪ ಮೂಕಾಂಬಿಕೆಗೆ ಹರಕೆ ಹೊತ್ತರು, ರಾಜೀವ ಹೆಂಡತಿಯ ಕೈ ಎಲ್ಲರೆದುರೇ ಹಿಡಿದುಕೊಂಡ. ಕಾಲು ಮಾತ್ರ ಒಬ್ಬರದೂ ಅಲುಗಲಿಲ್ಲ. ಹೆದರಿಕೆಯಲ್ಲಿ ಹಲಗೆಗೆ ಮೊಳೆ ಹೊಡೆದ ಹಾಗೆ ನಿಂತುಬಿಟ್ಟರು. ಗುಂಡು ಸರಿಯಿತು, ಸರಿದಲ್ಲೇ ನಿಂತಿತು! ಬಲಕ್ಕೆ ಕಳಿಸಿದರು. ಅಷ್ಟೇ ಸರಿಯಿತು, ಅಲ್ಲೇ ನಿಂತಿತು! ದಡದಲ್ಲಿ ಗಂಗೊಳ್ಳಿಯವರು ಕೇಕೆ ಹಾಕಿದರು. ನನಗೆ ತಲೆ ತಿರುಗುತ್ತಿತ್ತೋ ಇಲ್ಲವೋ ಗೊತ್ತಿಲ್ಲ. ಚಿಕ್ಕಮ್ಮನನ್ನು ಗದರಿಸಿ, ವಾಲಗದವನನ್ನು ಸುಮ್ಮನಾಗಿಸಿ, ಸರೋಜಳ ಜೊತೆ ನಗುವ ಗಡಿಬಿಡಿಯಲ್ಲಿ ವಾಂತಿ ಮಾಡಲು ಪುರುಸೊತ್ತೇ ಸಿಗಲಿಲ್ಲ.

ಕಡೆಯ ಸಲ ಎಂದು ಸಾಹೇಬ ಮತ್ತೆ ಎಡಕ್ಕೆ ಕಳಿಸಿದ. ಗುಂಡು ಸರಿದು ನಿಂತಿತು. ಆಮೇಲೆ ಒಂದು ಎಳೆಯಷ್ಟು ಹಿಂದಕ್ಕೆ ಬಂತು.

ನಗು ನಿಂತಿತು. ಸಾಹೇಬ ಹುಬ್ಬು ಗಂಟಿಕ್ಕಿದ. ನಮ್ಮವರು ದಿಬ್ಬಣದ ಸಾಲಿನುದ್ದಕ್ಕೂ ಬಗ್ಗಿ ಒಂದೊಂದೇ ಕಾಲು ನೋಡುತ್ತಾ ಬಂದರು. ಚಿಕ್ಕಪ್ಪನದು ಗೀಟಿನ ಮೇಲೆ. ಸರೋಜಳದು ಗೀಟಿನ ಮೇಲೆ. ಯಾವ ಹಾಳಾದವರ ಕಾಲಪ್ಪಾ ಅದು, ನನ್ನ ಗಂಡನನ್ನು ಬೊಂಬಾಯಿಗೆ ಅಟ್ಟುವುದು ಎಂದು ನಾನು ಹಲ್ಲು ಕಚ್ಚಿ ನಿಂತಿದ್ದೆ. ನಮ್ಮವರು ನನ್ನ ಎದುರು ನಿಂತರು. ಕೆಳಗೆ ನೋಡಿದರು. ಮೇಲೆ ನೋಡಿದರು.

“ವನಜ, ನಿಂದೇ.”

ನೋಡಿದೆ. ಹೌದು, ನನ್ನದೇ. ಎರಡೂ ಕಾಲು ಗೀಟು ಬಿಟ್ಟು ಎತ್ತರದ ಬದಿಗೆ ಹೋಗಿ, ಏನೂ ಗೊತ್ತಿಲ್ಲದವರ ಹಾಗೆ ನಿಂತಿದ್ದವು. ನನ್ನನ್ನು ಒಂದು ಮಾತೂ ಕೇಳಿರಲಿಲ್ಲ.

ದಡದಿಂದ ಅತ್ತೆಯ ಕೂಗು ಹೊಳೆಯ ಆಚೆ ಕುಂದಾಪುರಕ್ಕೂ ಕೇಳಿರಬೇಕು. “ಇಳ್ಸಿ ಅದನ್ನ! ಅದ್ ತೂಕಕ್ಕಾತಿಲ್ಲೆ! ಅದ್ ಇನ್ ನಮ್ದ್!”

ತಾವೇ ಓಡಿ ಬಂದು ಕೈ ಕೊಟ್ಟು ಇಳಿಸಿಕೊಂಡರು. ನನ್ನ ತೂಕ ಕಳೆದು ಸಾಹೇಬ ಮತ್ತೊಮ್ಮೆ ಪರೀಕ್ಷೆ ಮಾಡಿದ. ಗುಂಡು ಸರಿದಲ್ಲೇ ನಿಂತಿತು. ತೋಪಿನ ಭಾರವನ್ನೂ ಸೇರಿಸಿ ಲೆಕ್ಕ ಹಾಕಿ, ನಮ್ಮವರು ಕಾಗದದ ಮೇಲೆ ಬರೆದಿದ್ದ ಅಂಕಿಯ ಪಕ್ಕದಲ್ಲಿಟ್ಟು ನೋಡಿದ. ಆಮೇಲೆ ನಮ್ಮವರ ಕೈ ಹಿಡಿದು ಜೋರಾಗಿ ಕುಲುಕಿ, ಅಲ್ಲೇ ಲಾಡಿನ ಬುಟ್ಟಿಯ ಮುಚ್ಚಳದ ಮೇಲೆ ಕಾಗದ ಇಟ್ಟು ರುಜು ಹಾಕಿದ. ವಾಲಗದವನಿಗೆ ಇನ್ನು ಯಾರ ಅಪ್ಪಣೆಯೂ ಬೇಕಿರಲಿಲ್ಲ.

ನಾನು ಅಲ್ಲಿ ನಿಲ್ಲಲಿಲ್ಲ. ಮನೆಗೆ ಓಡಿದೆ. ಚಾವಡಿಯಲ್ಲಿ ಪೆಟ್ಟಿಗೆ ಇತ್ತು. ಹಡಗಿನವರ ಗಂಟು, ಬೆರಳಿಗೆ ಬಗ್ಗಲಿಲ್ಲ. ನೆಲದ ಮೇಲೆ ಕೂತು ಹಲ್ಲಿನಿಂದ ಕಚ್ಚಿ ಬಿಚ್ಚಿದೆ.