ಎದುರುಮನೆಯ ಪರದೆ

ಒಲೆಸುಂಡ್ ಬಂದರಿನ ಆ ಓಣಿಯಲ್ಲಿ ಯಾರೂ ಕಿಟಕಿಗೆ ಪರದೆ ಎಳೆಯುವುದಿಲ್ಲ. ಒಳಗಿನವರು ದೀಪ ಹಚ್ಚಿಟ್ಟು ತಮ್ಮ ಪಾಡಿಗೆ ಇರುತ್ತಾರೆ, ಹಾದುಹೋಗುವವರು ಅತ್ತ ತಲೆ ತಿರುಗಿಸುವುದಿಲ್ಲ. ಅದು ಅಜ್ಜಂದಿರ ಕಾಲದ ಮರ್ಯಾದೆ. ಗುಡ್ನಿ ಮುದುಕಿಯ ಎದುರುಮನೆಗೆ ಬಾಡಿಗೆಗೆ ಬಂದ ಪೋರ್ಚುಗಲ್ಲಿನ ತಿಯಾಗೊ ಮಾತ್ರ ವಾರ ಕಳೆಯುವಷ್ಟರಲ್ಲಿ ಪರದೆ ಎಳೆದುಬಿಟ್ಟ. ಲ್ಯಾಪ್‌ಟಾಪ್ ಒಂದನ್ನೇ ನಂಬಿ ಊರೂರು ಸುತ್ತುತ್ತ ದುಡಿಯುವವನು. ಅಂಥವನಿಗೆ ಮುಚ್ಚಿಡುವಂಥದ್ದು ಏನಿದೆ ಎಂದು ಗುಡ್ನಿಯ ತಲೆಗೆ ಹುಳ ಹೊಕ್ಕಿತು.

"ಕಳ್ಳವ್ಯವಹಾರವೇ ಇರ್ಬೇಕು," ಎಂದಳು ಪಕ್ಕದ ಮನೆಯ ಓಡ್ವಾರನಿಗೆ. "ಮೊದ್ಲು ಸರಿಯಾಗೇ ಇದ್ದ. ಬೆಳಗ್ಗೆ ಕಾಫಿ, ಆಮೇಲೆ ಆ ಲ್ಯಾಪ್‌ಟಾಪಿನ ಜೊತೆ ಮಾತು, ಮಧ್ಯಾಹ್ನ ಡಬ್ಬದ ಮೀನು. ಶುಕ್ರವಾರ ಒಬ್ಬನೇ ಕೂತು ಅತ್ತ."

ಓಡ್ವಾರ್ ತನ್ನ ಮನೆಯೊಳಗೆ ಹೋದ.

ತಡೆಯಲಾಗದೆ ಗುಡ್ನಿ ಬಿಸಿ ವಾಫಲ್ ಸಿಹಿದೋಸೆಯ ನೆಪ ಹಿಡಿದು ತಿಯಾಗೊನ ಬಾಗಿಲು ತಟ್ಟಿದಳು.

"ಇಲ್ಲಿ ಯಾರೂ ಯಾರ ಮನೆಯೊಳಗೂ ಇಣುಕಲ್ಲಪ್ಪ. ಮತ್ತೆ ಪರದೆ ಯಾಕೆ?"

"ನಾನೂ ಹಾಗೇ ನಂಬಿದ್ದೆ," ಎಂದ ಅವನು ತಟ್ಟೆ ತೆಗೆದುಕೊಳ್ಳುತ್ತ. "ಆದ್ರೆ ತಲೆ ಎತ್ತಿದಾಗೆಲ್ಲ ಎದುರು ಕಿಟಕೀಲಿ ನೀವು ನಿಂತಿರ್ತಿದ್ರಿ."

ಗುಡ್ನಿ ಮನೆಗೆ ಬಂದು, ಹುಟ್ಟಿದಮೇಲೆ ಮೊದಲ ಸಲ ತನ್ನ ಪರದೆ ಎಳೆದಳು.

ಮರುದಿನ ಓಣಿಯಲ್ಲಿ ಓಡ್ವಾರ್ ಯಾರಿಗೋ ಹೇಳುತ್ತಿದ್ದುದು ಪರದೆಯ ಹಿಂದಿದ್ದ ಅವಳಿಗೆ ಕೇಳಿಸಿತು: "ಈ ಗುಡ್ನಿ ಒಳಗೆ ಏನು ನಡೆಸ್ತಿದಾಳೋ ಏನೋ."