ಎಡ ಹೆಗಲಿನ ಅಳತೆ

ಅಳತೆ ಪುಸ್ತಕದಲ್ಲಿ ಪ್ರತಿ ಪುಟದ ಕೊನೆಯ ಸಾಲು ನನ್ನದು. ಎದೆ, ಸೊಂಟ, ತೋಳಿನ ಉದ್ದ ಎಲ್ಲ ಬರೆದಾದ ಮೇಲೆ, ಕೆಳಗೆ ಒಂದೆರಡು ಮಾತು ನನಗಾಗಿ ಗುರುತು ಹಾಕಿಕೊಳ್ಳುತ್ತೇನೆ. ‘ಹೇಳಿದ ದಿನಕ್ಕಿಂತ ಎರಡು ದಿನ ಮೊದಲೇ ಬರುತ್ತಾರೆ.’ ‘ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ, ಒಂದಿಂಚು ಸೇರಿಸು.’ ಹೀಗೆ.

ನಮ್ಮದು ಅಕ್ಕ ತಂಗಿಯರ ಹೊಲಿಗೆ ಅಂಗಡಿ. ಅಕ್ಕ ಕತ್ತರಿಸಿ ಹೊಲಿಯುತ್ತಾಳೆ, ನಾನು ಅಳೆದು ಬರೆಯುತ್ತೇನೆ. ಕಾಲೇಜು ಮೆಟ್ಟಿಲು ಹತ್ತಿದವಳು ನಾನೊಬ್ಬಳೇ ಆದ್ದರಿಂದ ಪುಸ್ತಕ ನನ್ನ ಪಾಲಿಗೆ ಬಂತು. ಗಿರಾಕಿಗಳ ಮುಂದೆ ನಿಂತು ಮಾತಾಡುವುದೆಂದರೆ ನನಗೆ ಎದೆ ಡವಗುಟ್ಟುತ್ತದೆ. ಎದುರಿಗಿರುವವರು ಎಂಥವರೆಂದು ಮೊದಲೇ ಗೊತ್ತಿದ್ದರೆ ಸ್ವಲ್ಪ ಧೈರ್ಯ. ಅದಕ್ಕೇ ಆ ಕೊನೆಯ ಸಾಲು.

ಸೋಮವಾರ ನರ್ಸಮ್ಮ ಫೋನ್ ಮಾಡಿದರು. ಆಸ್ಪತ್ರೆಯಲ್ಲಿ ಮೂವತ್ತೆರಡು ವರ್ಷ ನರ್ಸ್ ಆಗಿದ್ದು ನಿವೃತ್ತರಾದವರು. ಅವರ ಮಗಳು ಅವರಿಗೊಂದು ಉಣ್ಣೆಯ ಕೋಟು ಕೊಳ್ಳುವವಳಿದ್ದಳು, ಅಳತೆ ಬೇಕಿತ್ತಂತೆ. ನಾನು ಅವರ ಪುಟದ ಫೋಟೊ ತೆಗೆದು ವಾಟ್ಸಾಪಿನಲ್ಲಿ ಕಳಿಸಿದೆ. ಕಳಿಸಿದ ಮೇಲೆ, ಅಂಕಿಗಳು ಸ್ಪಷ್ಟವಾಗಿವೆಯೋ ಇಲ್ಲವೋ ಎಂದು ದೊಡ್ಡದು ಮಾಡಿ ನೋಡಿದೆ. ಬಹಳ ಸ್ಪಷ್ಟವಾಗಿದ್ದವು. ಕೊನೆಯ ಸಾಲೂ ಅಷ್ಟೇ ಸ್ಪಷ್ಟ: ‘ಗೊಣಗುವ ಸ್ವಭಾವ. ಏನು ಹೊಲಿದುಕೊಟ್ಟರೂ ಮೂರು ಸಲ ಬಿಚ್ಚಿಸುತ್ತಾರೆ. ತೃಪ್ತಿ ಇಲ್ಲದ ಜೀವ.’

ಅಳಿಸುವಷ್ಟರಲ್ಲಿ ಎರಡು ಗುರುತೂ ನೀಲಿಯಾದವು.

“ಅಕ್ಕಾ, ನಾನು ಸತ್ತೆ.”

“ಸಾಯೋದಿದ್ರೆ ಆ ಕಾಜಾ ಮುಗಿಸಿ ಸಾಯಿ. ಸಂಜೆ ಕೊಡ್ಬೇಕು ಆ ಅಂಗಿ.”

ಫೋನ್ ತೋರಿಸಿದೆ. ಅಕ್ಕ ಓದಿದಳು, ತುಟಿ ಕಚ್ಚಿ ತಡೆದುಕೊಂಡಳು, ಕೊನೆಗೆ ಮಿಷನ್ನಿನ ಮೇಲೆ ಬಗ್ಗಿ ನಕ್ಕಳು.

“ನಗ್ಬೇಡ ಕಣೇ. ಅವರಿನ್ನು ನಮ್ಮ ಅಂಗಡಿ ಹತ್ತಲ್ಲ.”

“ಹತ್ತದಿದ್ರೆ ಒಳ್ಳೇದೇ ಆಯ್ತಲ್ಲ. ಬಿಚ್ಚೋ ಕೆಲಸ ತಪ್ಪುತ್ತೆ.”

ಹಾಗೆ ಅಂದಳೇ ಹೊರತು ನಗು ನಿಂತಿತ್ತು. ಅಮ್ಮ ಹಾಸಿಗೆ ಹಿಡಿದ ಎಂಟು ತಿಂಗಳು, ಡ್ಯೂಟಿ ಮುಗಿಸಿ ಪ್ರತಿ ಸಂಜೆ ನಮ್ಮ ಮನೆಗೆ ಬಂದು, ಅಮ್ಮನನ್ನು ಎತ್ತಿ ಕೂರಿಸಿ, ಬೆನ್ನಿಗೆ ಪೌಡರ್ ಹಾಕಿ, ಮಗ್ಗುಲು ಬದಲಿಸಿ ಹೋಗುತ್ತಿದ್ದವರು ನರ್ಸಮ್ಮ. ಒಂದು ಲೋಟ ನೀರಿನ ಹೊರತು ಏನೂ ಮುಟ್ಟಿದವರಲ್ಲ. ಅಂಥವರ ಬಗ್ಗೆ ನನ್ನ ಕೈ ಬರೆದದ್ದು ಇದು.

ಮೂರು ದಿನ ಕ್ಷಮಾಪಣೆ ಬರೆಯುತ್ತ, ಅಳಿಸುತ್ತ ಕೂತೆ. ‘ತಪ್ಪಾಯಿತು’ ಎಂದು ಬರೆದರೆ ಸಾಲದು. ತಪ್ಪು ಯಾವುದು, ಬರೆದದ್ದೋ ಕಳಿಸಿದ್ದೋ? ಕಳಿಸಿದ್ದು ಎಂದರೆ ಒಳಗೊಳಗೆ ಹಾಗೇ ಅಂದುಕೊಂಡಿರುತ್ತೇನೆ ಎಂದು ಒಪ್ಪಿದ ಹಾಗೆ. ಬರೆದದ್ದು ಎಂದರೆ ಸುಳ್ಳಾಗುತ್ತದೆ. ಮೂರು ಸಲ ಬಿಚ್ಚಿಸುತ್ತಿದ್ದದ್ದಂತೂ ನಿಜ. ಇನ್ನೊಬ್ಬರ ಬಗ್ಗೆ ನಾನು ಕೆಟ್ಟದ್ದು ಯೋಚಿಸುವವಳಲ್ಲ ಎಂದು ಇಷ್ಟು ವರ್ಷ ನಂಬಿಕೊಂಡಿದ್ದೆ. ಪುಸ್ತಕ ತಿರುವಿ ನೋಡಿದರೆ ಪುಟಪುಟಕ್ಕೂ ಅದೇ ಇತ್ತು.

ಗುರುವಾರ ಹನ್ನೊಂದು ಗಂಟೆಗೆ ಕೈಯಲ್ಲೊಂದು ಚೀಲ ಹಿಡಿದು ನರ್ಸಮ್ಮ ಬಂದರು. ನಾನು ಎದ್ದು ನಿಂತೆ, ಮತ್ತೆ ಕೂತೆ, ಮತ್ತೆ ಎದ್ದೆ.

“ಏನಮ್ಮ, ಕುರ್ಚಿ ಚುಚ್ತಾ ಇದೆಯಾ?”

“ನರ್ಸಮ್ಮ, ನಾನು... ಆವತ್ತು ಕಳಿಸಿದ್ರಲ್ಲಿ...”

“ಹೂಂ, ಓದಿದೆ. ಮಗಳೂ ಓದಿದ್ಳು. ‘ಯಾರಮ್ಮ ಇದು, ನಿನ್ನನ್ನ ಇಷ್ಟು ಚೆನ್ನಾಗಿ ಬಲ್ಲವರು?’ ಅಂತ ಒಂದೇ ಸಮ ನಗು.” ಚೀಲ ಮೇಜಿನ ಮೇಲಿಟ್ಟರು. “ಆದ್ರೆ ಒಂದು ತಪ್ಪಿದೆ. ಮೂರು ಸಲ ಅಂತ ಬರ್ದಿದೀಯ. ಆ ನೀಲಿ ಅಂಗಿ ನಾಲ್ಕು ಸಲ ಬಿಚ್ಚಿಸಿದೀನಿ.”

ಅಕ್ಕ ಮಿಷನ್ ನಿಲ್ಲಿಸಿದಳು. ನನಗೆ ಅಳು ಒತ್ತರಿಸಿ ಬಂತು. ಅವರು ಅದನ್ನು ನೋಡಿಯೂ ನೋಡದವರಂತೆ ಕೋಟು ತೆಗೆದು ಹಾಕಿಕೊಂಡರು.

“ಅಳೋದೆಲ್ಲ ಆಮೇಲೆ. ಮೊದ್ಲು ಇದನ್ನ ನೋಡು. ನೀನು ಕೊಟ್ಟ ಅಳತೆಗೇ ತಂದಿದ್ದು.”

ಎಡಗಡೆ ಕೋಟು ಜೋತುಬಿದ್ದಿತ್ತು. ಕಾಲರ್ ಒಂದು ಕಡೆ ಎದ್ದು ನಿಂತಿತ್ತು. ಟೇಪು ತೆಗೆದುಕೊಂಡೆ. ಹೆಗಲಿನಿಂದ ಸೊಂಟಕ್ಕೆ ನಾನು ಯಾವಾಗಲೂ ಬಲಗಡೆ ಮಾತ್ರ ಅಳೆಯುವವಳು. ಅದನ್ನೇ ಎರಡೂ ಕಡೆಗೆ ಹಿಡಿಯುವುದು. ಬೇಗ ಮುಗಿಯುತ್ತದೆ, ಎದುರಿಗೆ ಹೆಚ್ಚು ಹೊತ್ತು ನಿಲ್ಲಬೇಕಾಗಿಲ್ಲ. ಆವತ್ತು ಮೊದಲ ಸಲ ಎಡಗಡೆಗೂ ಟೇಪು ಇಟ್ಟೆ. ಮುಕ್ಕಾಲು ಇಂಚು ಕಡಿಮೆ. ನಂಬಿಕೆಯಾಗದೆ ಮತ್ತೆ ಅಳೆದೆ. ಮುಕ್ಕಾಲು ಇಂಚೇ.

ಇಷ್ಟು ವರ್ಷ ಅವರು ಬಿಚ್ಚಿಸಿದ್ದೆಲ್ಲ ನಾನು ಅಳೆಯದೆ ಬಿಟ್ಟ ಈ ಹೆಗಲನ್ನೇ.

“ಎಡ ಹೆಗಲು ಇಳಿದಿದೆ,” ಅಂದೆ.

“ಇಳೀದೆ ಏನು ಮಾಡುತ್ತೆ? ಮೂವತ್ತೆರಡು ವರ್ಷ ಜನರನ್ನ ಆ ಕಡೆಯಿಂದಾನೇ ಎತ್ತಿದ್ದು.”

“ನಮ್ಮಮ್ಮನ್ನೂ...”

“ನಿಮ್ಮಮ್ಮ ಹಗುರ ಬಿಡು, ಹತ್ತಿ ಥರ ಇದ್ರು. ಕೊನೇ ಮನೆ ಮೇಷ್ಟ್ರಿದ್ರಲ್ಲ, ಕಾಲು ಮುರ್ಕೊಂಡು ಮಲಗಿದ್ರು, ಇದು ಅವರ ಕೃಪೆ.”

“ಹಾಗಾದ್ರೆ ಒಂದು ಮಾತು ಹೇಳ್ಬಾರದಾಗಿತ್ತಾ ನರ್ಸಮ್ಮ? ಸುಮ್ನೆ ‘ಸ್ವಲ್ಪ ನೋಡಮ್ಮ, ಎಲ್ಲೋ ಎಳೀತಿದೆ’ ಅಂತಿದ್ರಿ.”

“ಹೇಗೆ ಹೇಳೋದು? ನಾನು ಬಾಗಿಲಿಗೆ ಬಂದ್ರೆ ಸಾಕು, ಇಂಜೆಕ್ಷನ್ ಕಂಡ ಮಗು ಥರ ಮುಖ ಮಾಡ್ತೀಯ. ನಿನ್ನ ಅಳತೆ ತಪ್ಪು ಅಂದ್ರೆ ಆವತ್ತು ಊಟ ಬಿಡ್ತೀಯೇನೋ ಅಂತ ಹೆದರಿಕೆ ನಂಗೆ.”

“ಊಟ ಬಿಟ್ಟಾಗಿದೆ,” ಅಂದಳು ಅಕ್ಕ. “ಮೂರು ದಿನ ಆಯ್ತು.”

ಅಕ್ಕ ಎಡ ಹೆಗಲಿನ ಒಳಗೆ ತೆಳ್ಳಗೆ ಪ್ಯಾಡು ಕೂರಿಸುತ್ತಿದ್ದಾಗ ನರ್ಸಮ್ಮ ಸುಮ್ಮನೆ ಕೂರಲಿಲ್ಲ. ಪುಸ್ತಕ ಎಳೆದುಕೊಂಡರು. ಬೇಡವೆನ್ನುವ ಹಕ್ಕು ನನಗೆಲ್ಲಿತ್ತು? ಪುಣ್ಯಕ್ಕೆ ಬೇರೆಯವರ ಪುಟಗಳನ್ನು ಅವರು ಓದಲಿಲ್ಲ, ನೇರ ಕೊನೆಯ ಹಾಳೆಗೆ ಹೋದರು. ಮನೆಯವರ ಅಳತೆ ಇರುವುದು ಅಲ್ಲಿ. ಅದನ್ನು ಅಕ್ಕನೇ ಬರೆದಿಡುತ್ತಾಳೆ. ನನ್ನ ಅಂಕಿಗಳನ್ನು ನೋಡಲು ನನಗೆ ಇಷ್ಟವಿಲ್ಲ, ಹಾಗಾಗಿ ಆ ಹಾಳೆ ತೆರೆದವಳೇ ಅಲ್ಲ.

“ಓ, ನಿನ್ನ ಬಗ್ಗೇನೂ ಬರ್ದಿದೆ ಇಲ್ಲಿ!”

ಅಕ್ಕ ತಟ್ಟನೆ ತಲೆಯೆತ್ತಿದಳು. “ಅಯ್ಯೋ, ಅದು ಬೇಡ ನರ್ಸಮ್ಮ.”

ಅಕ್ಕನ ಸೊಟ್ಟ ಅಕ್ಷರ: ‘ಉಸಿರು ಹಿಡ್ಕೊಂಡು ನಿಲ್ತಾಳೆ. ನಗಿಸಿ ಅಳೀಬೇಕು.’

ಆರನೇ ಕ್ಲಾಸಿನಲ್ಲಿ ನಾನು ಗೊತ್ತಿಲ್ಲದೆ ಎಂಟನೇ ಕ್ಲಾಸಿನವರ ಕೋಣೆಗೆ ಹೋಗಿ, ಎದ್ದು ಹೊರಡಲು ಹೆದರಿ, ಇಡೀ ಪೀರಿಯಡ್ ಕೂತಿದ್ದೆ. ನನ್ನ ಅಳತೆಗೆಂದು ಟೇಪು ಹಿಡಿದಾಗಲೆಲ್ಲ ಅಕ್ಕ ಇದೇ ಕಥೆ ತೆಗೆಯುತ್ತಾಳೆ. ಪ್ರತಿ ಸಲ ನಾನು “ಸಾಕು ಮಾರಾಯ್ತಿ” ಎಂದು ನಕ್ಕುಬಿಡುತ್ತೇನೆ. ಅವಳಿಗೆ ನನ್ನನ್ನು ಹಂಗಿಸಲು ಬೇರೆ ಕಥೆ ಗೊತ್ತಿಲ್ಲವೆಂದೇ ಅಂದುಕೊಂಡಿದ್ದೆ.

ಅಕ್ಕನ ಕಡೆ ನೋಡಿದೆ. ಅವಳು ಸೂಜಿಗೆ ದಾರ ಪೋಣಿಸುವುದರಲ್ಲಿ ವಿಪರೀತ ಮಗ್ನಳಾಗಿದ್ದಳು. ಸೂಜಿಯಲ್ಲಿ ದಾರ ಆಗಲೇ ಇತ್ತು.

ಕೋಟು ಸಿದ್ಧವಾಯಿತು. ನರ್ಸಮ್ಮ ಹಾಕಿಕೊಂಡು ಎರಡೂ ಕೈ ಎತ್ತಿ ನೋಡಿದರು, ಕನ್ನಡಿಯ ಮುಂದೆ ಆ ಕಡೆ ಈ ಕಡೆ ತಿರುಗಿದರು. ಹೆಗಲುಗಳು ಸಮನಾಗಿ ಕಂಡವು.

“ಸರಿಯಾಯ್ತು,” ಅಂದರು. ಅಷ್ಟಕ್ಕೇ ನಿಲ್ಲಿಸಲಿಲ್ಲ, ಗಲ್ಲ ಎದೆಗೊತ್ತಿಕೊಂಡು ಬಗ್ಗಿ ನೋಡಿದರು. “ಆದ್ರೂ... ಈ ಎರಡನೇ ಗುಂಡಿ ಒಂದು ಚೂರು ಕೆಳಗೆ ಬಂತೇನೋ ಅನ್ಸುತ್ತೆ. ಅಲ್ವಾ?”

ಅಳತೆ ತಪ್ಪಿದ್ದು ನನ್ನದೇ, ಸರಿ. ಗೊಣಗುವುದು ಮಾತ್ರ ಅವರದ್ದೇ. ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಅವರು ಕೋಟು ಬಿಚ್ಚುವ ಮೊದಲೇ ನನ್ನ ಕೈ ಬ್ಲೇಡಿಗೆ ಹೋಗಿತ್ತು.

ಗುಂಡಿ ಬಿಚ್ಚಿ ಅಕ್ಕನಿಗೆ ಕೊಟ್ಟು, ನರ್ಸಮ್ಮನ ಎದುರೇ ಅವರ ಪುಟ ತೆರೆದೆ. ‘ಗೊಣಗುವ ಸ್ವಭಾವ’ ಹೊಡೆದುಹಾಕಿದೆ, ‘ತೃಪ್ತಿ ಇಲ್ಲದ ಜೀವ’ ಅನ್ನುವುದನ್ನೂ. ‘ಎರಡೂ ಹೆಗಲು ಅಳೆ’ ಎಂದು ಬರೆದೆ. ‘ಮೂರು ಸಲ’ ಎಂಬಲ್ಲಿ ಪೆನ್ನು ನಿಂತಿತು.

“ಅದನ್ನ ಹೊಡೀಬೇಡ, ತಿದ್ದು,” ಅಂದರು ನರ್ಸಮ್ಮ ಬಗ್ಗಿ ನೋಡುತ್ತ. “ನಾಲ್ಕು.”

“ಇವತ್ತಿಂದು ಸೇರಿ ಐದು,” ಅಂದಳು ಅಕ್ಕ.

ನಾನು ಐದು ಎಂದೇ ಬರೆದೆ.