ಮದುವೆಯಾಗದೆ ಸತ್ತ ಹುಡುಗನ ಕತೆ

ಮಗಳು ಮುತ್ತುಸೆಲ್ವಿಯ ಶಾಲೆಯ ಚೀಲದಲ್ಲಿ, ಸತ್ತ ಹುಡುಗನನ್ನು ಪ್ರೀತಿಸುವ ಹುಡುಗಿಯೊಬ್ಬಳ ತಮಿಳು ಕಾದಂಬರಿ ಸಿಕ್ಕಿದ್ದೇ ತಡ, ಗೋಮತಿ ಅದನ್ನು ಒಲೆಗೆ ಹಾಕಲು ಹೊರಟಳು.

"ಪೇಯಿ ಜೊತೆ, ದೆವ್ವದ ಜೊತೆ ಪ್ರೀತಿಯಂತೆ, ಅತ್ತೆ. ನಾಳೆ ಇವಳೂ ಹುಣಸೆಮರದ ಕೆಳಗೆ ಹೋಗಿ ನಿಂತ್ಕೋತಾಳೆ."

"ತಡಿ. ನಾನು ಓದಿ ಹೇಳ್ತೀನಿ, ಆಮ್ಯಾಲೆ ಸುಡು," ಎಂದರು ವೀರಮ್ಮಾಳ್.

ಅವರು ಅರವತ್ತು ದಾಟಿದ ಮೇಲೆ ರಾತ್ರಿಶಾಲೆಯಲ್ಲಿ ಅಕ್ಷರ ಕಲಿತವರು. ದ್ರಾಕ್ಷಿ ಚಪ್ಪರದ ನೆರಳಲ್ಲಿ ಕೂತು, ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಆರು ದಿನ ಓದಿದರು. ಏಳನೆಯ ದಿನ ತಾಯಿ ಮಗಳಿಬ್ಬರೂ ತೀರ್ಪು ಕೇಳಲು ಎದುರು ಬಂದು ಕೂತರು.

"ಬರೆದೋನಿಗೆ ನಮ್ಮಂಥ ಮನೆಗಳ ಸಂಗತಿ ಗೊತ್ತಿಲ್ಲ. ಮದುವೆಯಾಗದೆ ಸತ್ತ ಹುಡುಗ. ಅವನ ಹೆಸರಲ್ಲಿ ಹೊಸ ವೇಷ್ಟಿ ಪಂಚೆ ಮಡಗಿ ದೀಪ ಹಚ್ಚೋಕೆ ಮನೇಲಿ ಒಬ್ಬರೂ ಇರಲಿಲ್ವಾ? ಹಚ್ಚಿದ್ರೆ ಮನೆದೇವ್ರಾಗಿ ಮನೇಲೇ ನಿಲ್ತಿದ್ದ, ಅವನ್ಯಾಕೆ ಬಸ್ ಸ್ಟ್ಯಾಂಡಲ್ಲಿ ಅಲೀತಿದ್ದ?"

"ಹಚ್ಚಿದ್ರೆ ಕತೆಯೇ ಇರ್ತಿರಲಿಲ್ಲ, ಅಜ್ಜಿ," ಎಂದಳು ಮುತ್ತುಸೆಲ್ವಿ.

"ಅದೂ ನಿಜಾನೆ." ವೀರಮ್ಮಾಳ್ ನಕ್ಕು ಸೊಸೆಯ ಕಡೆ ತಿರುಗಿದರು. "ಆದ್ರೆ ಕೇಳು ಗೋಮತಿ. ಆ ಹುಡುಗಿ ತಾನೂ ಅವನ ಜೊತೆ ಹೋಗ್ತೀನಂತ ಬಾವಿಕಟ್ಟೆ ಹತ್ತುತಾಳೆ. ಇವನು, 'ನಾಳೆ ನಿಂಗೆ ಪರೀಕ್ಷೆ, ಮನೆಗೆ ನಡಿ' ಅಂತಾನೆ. ಅವಳು ಇಳಿದು ಮನೆ ಸೇರೋ ತನಕ ಹಿಂದೇನೇ ಬರ್ತಾನೆ. ಬದುಕಿರೋ ಗಂಡಸರಲ್ಲೇ ಅಂಥೋರನ್ನ ನಾನು ಹೆಚ್ಚು ಕಂಡಿಲ್ಲ. ಎಷ್ಟು ಚೆಂದ ಬರೆದವ್ನೆ ಅಂತೀಯ. ಆ ಪುಟ ಎರಡು ಸಲ ಓದ್ದೆ."

ಗೋಮತಿ ಪುಸ್ತಕ ಎತ್ತಿಕೊಂಡಳು. ಮುತ್ತುಸೆಲ್ವಿ ಅವಳ ಕೈಯನ್ನೇ ನೋಡುತ್ತಿದ್ದಳು.

"ಎಷ್ಟನೇ ಪುಟ ಅತ್ತೆ ಅದು?" ಎಂದು ಕೇಳಿದಳು ಗೋಮತಿ.